ಒಪ್ಪಿಸದೆ ಉಳಿದ ಸೊಲ್ಲು

ನಮ್ಮ ಊರಿನಲ್ಲಿ ಯಾರಾದರೂ ಸತ್ತರೆ, ಅಳುವುದಕ್ಕಿಂತ ಮೊದಲು ಕೇಳುವ ಮಾತೊಂದಿದೆ: “ಇವರ ಬಾಯಲ್ಲಿ ಯಾರ ಸೊಲ್ಲಿತ್ತು?” ಹೆಣದ ಸುತ್ತ ಕೂತವರಲ್ಲಿ ಒಬ್ಬರು ಕಿಬ್ಬೊಟ್ಟೆ ಒತ್ತಿಕೊಂಡು ಕೈ ಎತ್ತುತ್ತಾರೆ. ಅವರಿಗೆ ಏನು ವ್ಯವಸ್ಥೆ ಎಂದು ತೀರ್ಮಾನವಾದ ಮೇಲೆ ಅಳುವುದು. ಹೊರಗಿನವರಿಗೆ ಇದು ಒರಟು ಅನ್ನಿಸಬಹುದು. ಅನ್ನಿಸಲಿ. ಹೊರಗಿನವರು ಒಬ್ಬರೇ ಬಚ್ಚಲಿಗೆ ಹೋಗಿ, ಒಬ್ಬರೇ ಕೂತು, ಒಬ್ಬರೇ ಎದ್ದು ಬರುತ್ತಾರಂತೆ. ಅಂಥ ಸುಖದಲ್ಲಿರುವವರಿಗೆ ನಮ್ಮ ಅವಸರ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಉಚ್ಚೆ ತುಂಬಿಕೊಳ್ಳುವುದು ಅವರವರ ಮೈಯ ಕೆಲಸ. ಬಿಡುವುದು ಮಾತ್ರ ಇನ್ನೊಬ್ಬರ ಬಾಯಲ್ಲಿದೆ. ಎಳೆ ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ತಾಯಿ ‘ಸ್ಸ್ಸ್’ ಅನ್ನುತ್ತಾಳಲ್ಲ, ಅದು ಎಲ್ಲ ಕಡೆಯೂ ಇರುವುದೇ. ಬೇರೆ ಊರಿನ ಮಕ್ಕಳು ಎರಡು ಮೂರು ವರ್ಷಕ್ಕೆ ಅದನ್ನು ಮರೆಯುತ್ತಾರೆ. ನಮ್ಮವರು ಸಾಯುವವರೆಗೂ ಮರೆಯುವುದಿಲ್ಲ. ಅದನ್ನೇ ಸೊಲ್ಲು ಅನ್ನುತ್ತೇವೆ. ಒಬ್ಬೊಬ್ಬರ ಸೊಲ್ಲು ಒಂದೊಂದು ಥರ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಹನ್ನೊಂದು ಗಂಟೆಗೆ ಶಾಲೆಯ ಗೋಡೆಯ ಆಚೆ ತಾಯಂದಿರು ಸಾಲಾಗಿ ನಿಂತಿರುತ್ತಾರೆ. ಗಂಡನನ್ನು ಪೊಲೀಸರು ಠಾಣೆಗೆ ಕರೆದುಕೊಂಡು ಹೋದರೆ ಹೆಂಡತಿಯೂ ಬುತ್ತಿ ಕಟ್ಟಿಕೊಂಡು ಹಿಂದೆಯೇ ಹೋಗುತ್ತಾಳೆ. ಎಲ್ಲ ಮನೆಗಳಲ್ಲೂ ಬಚ್ಚಲ ಬಾಗಿಲ ಹೊರಗೆ ಒಂದು ಮಣೆ ಇರುತ್ತದೆ, ಸೊಲ್ಲು ಹೇಳುವವರು ಕೂರುವುದಕ್ಕೆ. ಬೆಳಿಗ್ಗೆ ಮುನಿಸಿಕೊಂಡ ಗಂಡಹೆಂಡತಿ ಮಧ್ಯಾಹ್ನದೊಳಗೆ ರಾಜಿಯಾಗುತ್ತಾರೆ, ಆಗಲೇಬೇಕು. ನಮ್ಮೂರಲ್ಲಿ ಸಂಸಾರ ಮುರಿಯುವುದಿಲ್ಲ ಎಂದು ಹೆಮ್ಮೆ ಪಡುವವರಿದ್ದಾರೆ. ಗೂಟಕ್ಕೆ ಕಟ್ಟಿದ ಹಸು ಓಡಿಹೋಗಲಿಲ್ಲ ಎಂದು ಹೆಮ್ಮೆ ಪಟ್ಟ ಹಾಗೆ.

ನಾನು ಊದುಬತ್ತಿ ಹೊಸೆಯುವವಳು. ನನಗೆ ಹದಿನಾಲ್ಕಾಗಿದ್ದಾಗ ಅಮ್ಮ ಜ್ವರ ಬಂದು ಮಲಗಿದಳು. ತಮ್ಮ ಗವಿರಂಗನಿಗೆ ಆಗ ಎರಡು ವರ್ಷ. ಏಳುವುದಿಲ್ಲ ಎಂದು ಅಮ್ಮನಿಗೆ ಗೊತ್ತಾಗಿರಬೇಕು. ನನ್ನನ್ನು ಮಣೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ತಮ್ಮನ ಸೊಲ್ಲನ್ನು ಒಪ್ಪಿಸುವುದಕ್ಕೆ ಶುರು ಮಾಡಿದಳು. ಒಪ್ಪಿಸುವುದೆಂದರೆ ಹನ್ನೊಂದು ದಿನ ಹಳೆಯ ಬಾಯಿ, ಹೊಸ ಬಾಯಿ ಎರಡೂ ಒಟ್ಟಿಗೆ ಹೇಳಬೇಕು. ಅಷ್ಟರಲ್ಲಿ ಮೈ ಹೊಸ ದನಿಯನ್ನು ಗುರುತು ಹಿಡಿಯುತ್ತದೆ, ಹಳೆಯದನ್ನು ಕೈಬಿಡುತ್ತದೆ. ಕೊನೆಯ ದಿನ ಅಮ್ಮ ತನ್ನ ಕೈಯಿಂದ ಹಿತ್ತಾಳೆ ಬಳೆ ಬಿಚ್ಚಿ ನನ್ನ ಕೈಗೆ ಹಾಕಿದಳು. ತಮ್ಮನಿಗೆ ಸೊಲ್ಲು ಹೇಳಿ ಬೆನ್ನು ತಟ್ಟುವಾಗ ಆ ಬಳೆ ಗಾಜಿನ ಬಳೆಗಳಿಗೆ ತಾಕಿ ಟಿಣ್ ಅನ್ನುತ್ತಿತ್ತು. “ಇದೂ ಸೊಲ್ಲಿನ ಜೊತೆಗೇ ಕಣೇ. ಇದಿಲ್ದೆ ಅವನಿಗೆ ಬರಲ್ಲ. ಮರೀಬೇಡ,” ಅಂದಳು. ಆ ಮಾತನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ನನ್ನ ಸ್ವಂತ ಸೊಲ್ಲು ಸ್ವಲ್ಪ ಕಾಲ ಪಕ್ಕದ ಮನೆಯ ಅಜ್ಜಿಯ ಬಾಯಲ್ಲಿತ್ತು. ತಮ್ಮನಿಗೆ ಆರು ತುಂಬಿದಾಗ ಅಜ್ಜಿ ಅದನ್ನು ಅವನಿಗೆ ಒಪ್ಪಿಸಿದಳು. ಅಲ್ಲಿಂದ ಮುಂದೆ ಅವನನ್ನು ನಾನು, ನನ್ನನ್ನು ಅವನು. ನನ್ನನ್ನು ಹೆಣ್ಣು ನೋಡುವುದಕ್ಕೆ ಬಂದವರಿಗೆಲ್ಲ ತಮ್ಮ ಇನ್ನೂ ಚಿಕ್ಕವನು ಎಂದು ಹೇಳಿ ಕಳಿಸಿದೆ. ಅವನಿಗೆ ಇಪ್ಪತ್ತಾದ ಮೇಲೂ ಚಿಕ್ಕವನು ಅನ್ನುತ್ತಲೇ ಇದ್ದೆ. ಸುಣ್ಣದ ಗೂಡಿನಲ್ಲಿ ಕೆಲಸಕ್ಕೆ ಸೇರಿದವನು ಮಧ್ಯಾಹ್ನ ಊಟದ ಹೊತ್ತಿಗೆ ಓಡೋಡಿ ಬಂದು, “ಅಕ್ಕಾ, ಬೇಗ, ಬೇಗ,” ಅನ್ನುವನು. ನಾನು ಬೇಕೆಂದೇ ಒಂದು ಕಡ್ಡಿ ಹೊಸೆದು ಮುಗಿಸಿ ಏಳುತ್ತಿದ್ದೆ. ಯಾರೋ ನಮಗಾಗಿ ಒದ್ದಾಡುತ್ತ ಕಾಯುವುದರಲ್ಲಿ ಎಂಥ ಸುಖವಿತ್ತು ಎಂದು ಈಗ ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

ಅವನಿಗೆ ಇಪ್ಪತ್ತಾರಾದಾಗ ದೇವೀರಿಯನ್ನು ತಂದೆವು. ಹಿನ್ನೀರಿನ ನಡುಗಡ್ಡೆಯ ಹುಡುಗಿ. ಮಾತು ಕಡಿಮೆ, ಕಣ್ಣು ದೊಡ್ಡದು, ಹೇಳಿದ್ದನ್ನು ಎರಡು ಸಲ ಹೇಳಿಸಿಕೊಳ್ಳದೆ ಕಲಿಯುವವಳು. ಅವಳ ತಾಯಿ ನಮ್ಮ ಮನೆಯಲ್ಲೇ ಹನ್ನೊಂದು ದಿನ ಇದ್ದು ಮಗಳ ಸೊಲ್ಲನ್ನು ನನ್ನ ತಮ್ಮನಿಗೆ ಒಪ್ಪಿಸಿ, ಕಣ್ಣೊರೆಸಿಕೊಂಡು ದೋಣಿ ಹತ್ತಿದಳು. ತಮ್ಮನ ಸೊಲ್ಲನ್ನು ನಾನು ದೇವೀರಿಗೆ ಒಪ್ಪಿಸಬೇಕು. ಉದ್ದನೆಯ ‘ಸ್ಸ್ಸ್’, ನಡುವೆ ಒಂದು ತಡೆ, ಮತ್ತೆ ಗಿಡ್ಡನೆಯ ಎರಡು. ಎಲ್ಲ ಹೇಳಿಕೊಟ್ಟೆ. ಬಳೆಯ ವಿಷಯ ಹೇಳಲಿಲ್ಲ.

ಮರೆತೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಮರೆತಿರಲಿಲ್ಲ. ಮೊದಲ ದಿನ ನಾಳೆ ಹೇಳೋಣ ಅಂದುಕೊಂಡೆ. ಐದನೆಯ ದಿನ, ಅವಳು ಮಣೆಯ ಮೇಲೆ ನನಗಿಂತ ಮುಂದೆ ಸರಿದು ಕೂತಾಗ, ಉಳಿದ ದಿನಗಳನ್ನು ಎಣಿಸಿದೆ. ಇನ್ನು ಆರು ದಿನಕ್ಕೆ ಈ ಮನೆಯಲ್ಲಿ ನಾನು ಊದುಬತ್ತಿ ಹೊಸೆಯುವವಳು ಮಾತ್ರ. ಹನ್ನೊಂದನೆಯ ದಿನ ಪರೀಕ್ಷೆ. ಬೀದಿಯ ಐದು ಜನ ಹಿರಿಯರು ನಡುಮನೆಯಲ್ಲಿ ಕೂರುತ್ತಾರೆ. ಹಳೆಯ ಬಾಯಿ ಕಳ್ಳತನ ಮಾಡಬಾರದು ಎಂದು ಬಾಯಿ ತುಂಬ ನೀರು ತುಂಬಿಸಿ ಕೂರಿಸುತ್ತಾರೆ. ಹೊಸ ಬಾಯಿ ಒಂದೇ ಸೊಲ್ಲು ಹೇಳಬೇಕು. ಒಳಗೆ ನೀರು ಬಿದ್ದ ಸದ್ದು ಕೇಳಿದ ಮೇಲೆ ಹಳೆಯ ಬಾಯಿ ನೀರನ್ನು ತಟ್ಟೆಗೆ ಉಗಿದು ತೋರಿಸಬೇಕು. ಕೆನ್ನೆ ಉಬ್ಬಿಸಿಕೊಂಡು ನಾನು ಬಾಗಿಲ ಹತ್ತಿರ ಕೂತೆ. ದೇವೀರಿ ಸೊಲ್ಲು ಹೇಳಿದಳು. ಹಣೆಯ ಬೆವರು ಒರೆಸಿಕೊಳ್ಳುವವಳ ಹಾಗೆ ನಾನು ಕೈ ಎತ್ತಿದೆ. ಟಿಣ್. ಒಳಗೆ ಧಾರೆಯ ಸದ್ದು ಕೇಳಿಸಿತು. ಐದೂ ಜನರ ಕಣ್ಣು ನನ್ನ ಬಾಯ ಮೇಲಿತ್ತು. ನೀರು ಉಗಿದೆ. “ಶುದ್ಧವಾಗಿ ಒಪ್ಪಿಸಿದ್ದಾಳೆ,” ಅಂದರು. ದೇವೀರಿ ನನ್ನ ಕಾಲು ಹಿಡಿದು, “ನಂಗೆ ಬಂತಲ್ಲಕ್ಕಾ, ಬಂತಲ್ಲ,” ಎಂದು ನಕ್ಕಳು.

ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಅವಳು ಮಣೆಯ ಮೇಲೆ ಕೂತು ಸೊಲ್ಲು ಹೇಳುವಾಗ ನಾನು ಗೋಡೆಯ ಈಚೆ ಹಲಗೆಯ ಮೇಲೆ ಕಡ್ಡಿ ಹೊಸೆಯುತ್ತ ಕೈ ಕುಲುಕುತ್ತಿದ್ದೆ. ಒಂದು ದಿನ ಸಂತೆಯಿಂದ ಬರುವುದು ತಡವಾಗಿ, ಅವನು ಅರ್ಧ ಗಂಟೆ ಒಳಗೇ ಕೂತಿದ್ದ. ನಾನು ಹೊಸಿಲು ದಾಟಿ ಚೀಲ ಇಳಿಸಿದೆ, ಟಿಣ್ ಅಂದಿತು, ಅವನಿಗೆ ಬಂತು. “ಬಿಸಿಲಿಗೆ ಹಂಗಾಯ್ತೇನೋ,” ಎಂದು ಇಬ್ಬರೂ ನಕ್ಕರು. ನಾನೂ ನಕ್ಕೆ.

ಅಳಿಯನನ್ನು ಮೊದಲ ಊಟಕ್ಕೆ ನಡುಗಡ್ಡೆಗೆ ಕರೆದರು. ಬೆಳಿಗ್ಗೆ ಹೋಗಿ ಸಂಜೆಗೆ ಬರುವುದು. “ನೀವೂ ಬನ್ನಿ ಅಕ್ಕಾ,” ಎಂದು ದೇವೀರಿ ಮೂರು ಸಲ ಕರೆದಳು. ಕಡ್ಡಿ ಒಣಹಾಕಿದ್ದೇನೆ ಅಂದೆ. ದೋಣಿಗಟ್ಟೆಯವರೆಗೂ ಹೋಗಿ ಕಳಿಸಿದೆ. ಬಳೆ ಕೈಯಲ್ಲೇ ಇತ್ತು. ಬಿಚ್ಚಿ ಕೊಡುವುದಕ್ಕೆ ಎಷ್ಟು ಹೊತ್ತು ಬೇಕು? ಸೋಪು ಹಚ್ಚುವುದೂ ಬೇಡ, ಸಡಿಲವಾಗಿಯೇ ಇತ್ತು. ಅವನು ಸಾಯಲಿ ಎಂದು ನನಗಿರಲಿಲ್ಲ, ಇದನ್ನು ನಂಬಿ. ಸಂಜೆ ದೋಣಿ ಇಳಿದು, ಹೆಂಡತಿಯನ್ನು ಹಿಂದೆ ಬಿಟ್ಟು, “ಅಕ್ಕಾ, ಬೇಗ, ಬೇಗ,” ಎಂದು ಓಡಿಬರಲಿ. ಯಾರಿಲ್ಲದೆ ತನಗೆ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಾಗಲಿ. ಬೇಕಾಗಿದ್ದದ್ದು ಅಷ್ಟೇ.

ಮಧ್ಯಾಹ್ನ ಗಾಳಿ ಎದ್ದಿತು. ಸಂಜೆಯ ದೋಣಿ ಬರಲಿಲ್ಲ. ಮಾರನೆಯ ದಿನವೂ ಹಿನ್ನೀರು ಕುದಿಯುತ್ತಲೇ ಇತ್ತು, ದೋಣಿಯವರು ಹಗ್ಗ ಬಿಚ್ಚಲಿಲ್ಲ. ನನಗೂ ತಡೆಯಲಾಗದೆ, ಹಿಂದಿನ ರಾತ್ರಿಯ ಹಾಗೆಯೇ ಕಾಂಪೌಂಡರ್ ಜೀವರತ್ನಯ್ಯನವರ ಮನೆಗೆ ಹೋದೆ. ಸೊಲ್ಲಿನವರು ಊರಲ್ಲಿಲ್ಲದಿದ್ದರೆ ಅವರ ರಬ್ಬರ್ ನಳಿಕೆಯೇ ಗತಿ. ಪದೇಪದೇ ಹಾಕಿದರೆ ಚಳಿಜ್ವರ ಹತ್ತುತ್ತದೆ ಎಂದು ಅವರು ಒಂದೆರಡು ಸಲಕ್ಕಿಂತ ಹೆಚ್ಚು ಹಾಕುವುದಕ್ಕೆ ಒಪ್ಪುವವರಲ್ಲ. ಹಿಂದೊಮ್ಮೆ ಆಡಿನ ಮೂತ್ರಚೀಲವನ್ನು ಊದಿ ನನಗೆ ತೋರಿಸಿದ್ದರು: ಮೇಲೆ ಎರಡು ಮೂತ್ರಪಿಂಡ, ಹಗಲೂ ರಾತ್ರಿ ತೊಟ್ಟಿಕ್ಕುತ್ತಲೇ ಇರುತ್ತವೆ, ನಮ್ಮನ್ನು ಕೇಳುವುದಿಲ್ಲ. ಕೆಳಗೆ ಈ ಚೀಲ. ತುಂಬುವಾಗ ಸಡಿಲವಾಗಿ ಜಾಗ ಕೊಡುತ್ತದೆ, ಬಿಡುವಾಗ ಬಿಗಿದು ತಳ್ಳುತ್ತದೆ. ಬಾಯಿಗೆ ಎರಡು ಬಾಗಿಲು. ಒಳಗಿನದು ಚೀಲದ ಮಾತು ಕೇಳುತ್ತದೆ, ಹೊರಗಿನದು ಬೇರೆಯವರಲ್ಲಿ ಅವರವರ ಮನಸ್ಸಿನ ಮಾತು, ನಮ್ಮಲ್ಲಿ ಇನ್ನೊಬ್ಬರ ಮಾತು. ಅವತ್ತು ನಳಿಕೆಯಿಂದ ನನ್ನ ನೀರು ಇಳಿದು ಮೈ ಹಗುರಾದಾಗ, ತಮ್ಮನಿಗೆ ಈಗ ಒಂದೂವರೆ ದಿನವಾಯಿತು ಎಂದು ಲೆಕ್ಕ ಹಾಕಿದೆ. ದೋಣಿಗಟ್ಟೆಗೆ ಓಡಿ, ಕೈಯಲ್ಲಿ ಬಳೆ ಹಿಡಿದುಕೊಂಡು, “ಯಾರಾದ್ರೂ ಹೋಗ್ರಪ್ಪಾ,” ಎಂದು ಕೂಗಿಕೊಂಡೆ. ಆ ಗಾಳಿಗೆ ಯಾರು ಹೋಗುತ್ತಾರೆ?

ಮೂರನೆಯ ದಿನ ಬೆಳಿಗ್ಗೆ ದೋಣಿಯಲ್ಲಿ ಮಲಗಿಸಿಕೊಂಡು ಬಂದರು. ಬೀಗರ ಮನೆಯಲ್ಲಿ ಅಳಿಯನಿಗೆ ಪಾನಕದ ಮೇಲೆ ಪಾನಕ ಕೊಟ್ಟಿದ್ದರಂತೆ. ಹೊಟ್ಟೆ ಹೊಕ್ಕುಳಿನವರೆಗೂ ಉಬ್ಬಿ ಕಲ್ಲಾಗಿತ್ತು. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ದೇವೀರಿಗೆ ಸೊಲ್ಲು ಹೇಳಿ ಹೇಳಿ ಗಂಟಲೇ ಇರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ನಾನು ಅವನ ಮೇಲೆ ಬಿದ್ದು ಅಳುವವಳಂತೆ ಬೆನ್ನು ತಟ್ಟಿದೆ. ಬಳೆ ಸದ್ದಾಯಿತು. ನಾಲ್ಕು ಹನಿ ಬಂತು. ಅಷ್ಟೇ.

ಜೀವರತ್ನಯ್ಯ ನಳಿಕೆ ಹಾಕಿ, ಸ್ವಲ್ಪ ಬಿಟ್ಟು, ತಡೆದು, ಮತ್ತೆ ಬಿಟ್ಟು, ಎರಡು ಚೊಂಬು ತುಂಬಿಸಿದರು. ಕೊನೆಯದು ಕೆಂಪಗಿತ್ತು. ಹೊರಗೆ ಬಂದು ಕೈ ತೊಳೆಯುತ್ತ ನನಗೆ ಹೇಳಿದರು: “ಬಾಗ್ಲು ತೆಗೀತು ಕಣಮ್ಮ. ಆದ್ರೆ ತಳ್ಳೋ ಶಕ್ತಿ ಚೀಲಕ್ಕೆ ಇಲ್ಲ. ಎಳೆದಿಟ್ಟ ಎಲಾಸ್ಟಿಕ್ ನೋಡಿದ್ದೀಯಲ್ಲ, ಹಂಗಾಗಿದೆ.” ಮತ್ತೆ ಸರಿಹೋಗುವುದಿಲ್ಲವೇ ಎಂದು ಕೇಳಿದೆ. ಅವರು ಟವಲ್ ಮಡಚಿದ್ದನ್ನೇ ಮತ್ತೆ ಮಡಚಿದರು.

ಆಮೇಲಿನ ಐದು ತಿಂಗಳು ಬೇರೆ ದಾರಿಯಿಲ್ಲದೆ ದಿನಕ್ಕೆ ಮೂರು ಸಲ ನಳಿಕೆ. ಒಂದು ತಿಂಗಳಿಗೆ ಚಳಿ ಶುರುವಾಯಿತು. ಹಲ್ಲು ಕಟಕಟ ಅನ್ನುವ ಚಳಿ, ಅದರ ಹಿಂದೆ ಜ್ವರ, ಅಕ್ಕಿ ತೊಳೆದ ನೀರಿನಂಥ ಮೂತ್ರ. ಔಷಧಿಗೆ ಇಳಿಯುವುದು, ಮತ್ತೆ ಏರುವುದು. ಮೂತ್ರಪಿಂಡಕ್ಕೆ ಹತ್ತಿದೆ ಅಂದರು. ಮುಖ ಊದಿಕೊಂಡಿತು, ಬಿಕ್ಕಳಿಕೆ ನಿಲ್ಲಲಿಲ್ಲ. ಬೀದಿಯ ಹೆಂಗಸರು ದೇವೀರಿ ನೀರಿಗೆ ಹೋದಾಗ ಕೇಳುವ ಹಾಗೆಯೇ ಆಡಿಕೊಂಡರು: “ಸೊಲ್ಲು ನಿಲ್ಲದ ನಾಲಿಗೆ. ಕಟ್ಟಿಕೊಂಡವನನ್ನೇ ತಿಂದ್ಬಿಡ್ತು.” ನಾನು ಜಗಲಿಯಲ್ಲಿ ಕೂತು ಕೇಳಿಸಿಕೊಂಡೆ, ಕಡ್ಡಿ ಹೊಸೆದೆ. ಬಾಯಿ ತುಂಬ ನೀರು ಇದ್ದವಳ ಹಾಗೆ.

ಅಷ್ಟರಲ್ಲೂ ಅವನು ನನ್ನ ಸೊಲ್ಲನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ತನಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಲ್ಲಿಂದಲೇ, “ಅಕ್ಕಾ, ಹೊತ್ತಾಯ್ತು, ಹೋಗು,” ಅನ್ನುವನು. ಮೂರು ಗಿಡ್ಡ, ಒಂದು ಉದ್ದ. ಕೊನೆಕೊನೆಗೆ ಉದ್ದದ್ದಕ್ಕೆ ಉಸಿರು ಸಾಲದೆ ಎರಡು ತುಂಡು ಮಾಡಿ ಹೇಳುತ್ತಿದ್ದ. ಬಚ್ಚಲಲ್ಲಿ ಕೂತು ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ, ನನ್ನ ಮೈ ಮಾತ್ರ ನಿರಾಳವಾಗಿ ಬಿಡುತ್ತಿತ್ತು. ಒಂದು ಮಧ್ಯಾಹ್ನ ಅವನು ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡ. “ನಾನು ಹೋದ್ರೆ ಇಬ್ರೂ ತುಂಬ್ಕೊಂಡು ಕೂರ್ತೀರ. ಅಕ್ಕನ್ದು ನಿಂಗೆ ಒಪ್ಪಿಸ್ತೀನಿ ದೇವೀರಿ. ಅಕ್ಕಾ, ಇವಳದ್ದು ನೀನು ತಗೋ. ಜಗಳ ಆಡ್ಬೇಡಿ,” ಅಂದ. ದೇವೀರಿ ಹಿಂದಕ್ಕೆ ಸರಿದಳು. “ನನ್ನ ನಾಲಿಗೆ ಬೇಡಿ. ಅಕ್ಕನ್ನಾದ್ರೂ ಉಳಿಸಿಕೊಳ್ಳಿ,” ಅಂದಳು. ಆಗ ಹೇಳಬೇಕಿತ್ತು. ಅವನು ಬದುಕಿದ್ದ, ಕೇಳಿಸಿಕೊಳ್ಳುತ್ತಿದ್ದ, ಬೈದಾದರೂ ಹೋಗುತ್ತಿದ್ದ. ನಾನು ಏನೆಂದೆ ಗೊತ್ತೇ? “ಪರವಾಗಿಲ್ಲ ಕಣಮ್ಮ, ನನಗೇನೂ ಭಯ ಇಲ್ಲ.” ದೊಡ್ಡ ಮನಸ್ಸಿನವಳ ಹಾಗೆ.

ಹನ್ನೊಂದು ದಿನ ಮುಗಿದ ಮೇಲೆ ಆರು ದಿನಕ್ಕೆ ಅವನು ಹೋದ. ಹೆಣದ ಹತ್ತಿರ ಆ ಪ್ರಶ್ನೆ ಕೇಳಿದಾಗ ನಾವಿಬ್ಬರೂ ಒಟ್ಟಿಗೆ ಕೈ ಎತ್ತಿದೆವು. ವ್ಯವಸ್ಥೆಯಾಗಿದೆ ಎಂದು ಹೇಳಿದೆವು. ಅವತ್ತು ಸಂಜೆ ಬಳೆ ಬಿಚ್ಚಿ, ಇದ್ದಿಲ ಪುಡಿಯ ಡಬ್ಬದ ತಳಕ್ಕೆ ಹಾಕಿದೆ.

ಒಂದು ವರ್ಷ ಹೀಗೇ ನಡೆಯಿತು. ದೇವೀರಿ ದಿನಕ್ಕೆ ಐದು ಸಲ ಮಣೆಯ ಮೇಲೆ ಕೂತು ನನ್ನ ಸೊಲ್ಲು ಹೇಳುವಳು. ಮೂರು ಗಿಡ್ಡ, ಒಂದು ಉದ್ದ, ಉದ್ದದ್ದರಲ್ಲಿ ತಮ್ಮನ ಆ ತುಂಡನ್ನೂ ಬಿಟ್ಟಿರಲಿಲ್ಲ. ಕಲಿತದ್ದರಲ್ಲಿ ಒಂದು ಎಳೆಯನ್ನೂ ಉಳಿಸಿಕೊಂಡವಳಲ್ಲ. ಹೇಳಿದ ಮೇಲೆ ಉಸಿರು ಹಿಡಿದು ಕಾಯುವಳು. “ಬಂತಾ ಅಕ್ಕಾ?” “ಬಂತು ಕಣೇ.” ಹೊರಗೆ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸುತ್ತಿತ್ತು. ಒಂದೊಂದು ಸಲ ಕೈಮುಗಿಯುತ್ತಿದ್ದಳು, ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಆಮೇಲೆ ಅವಳ ಸರದಿ. ಅವಳದು ಬಿಸಿ ಹಾಲು ಆರಿಸುವಂಥ ಮೆಲ್ಲನೆಯ ಸೊಲ್ಲು. ನಾನು ಹೇಳಿದೊಡನೆ ಅವಳಿಗೆ ಬರುತ್ತಿತ್ತು, ನನ್ನನ್ನು ಅಷ್ಟು ನಂಬಿದ್ದಳು. ಒಂದು ಮಾತು ಹೇಳಿದರೆ ಅವಳ ತಲೆಯ ಮೇಲಿನ ಹೊರೆ ಇಳಿಯುತ್ತಿತ್ತು. ಆ ಮಾತಿನ ಆಚೆ ನನ್ನ ಸೊಲ್ಲು ಹೇಳುವವರು ಯಾರು? ಜೀವದ ಆಸೆ ನಾಚಿಕೆಗೆಟ್ಟದ್ದು. ದಿನಕ್ಕೆ ಐದು ಸಲ ಬಾಯಿಗೆ ಬಂದದ್ದನ್ನು ಐದು ಸಲ ನುಂಗಿದೆ.

ವರ್ಷದ ತಿಥಿಗೆ ಮನೆ ತೊಳೆಯುವಾಗ ಅವಳು ಇದ್ದಿಲ ಡಬ್ಬ ಬಗ್ಗಿಸಿದಳು. ನನಗೆ ಗೊತ್ತಾಗಲಿಲ್ಲ. ಮಧ್ಯಾಹ್ನ ನಾನು ಬಚ್ಚಲಿಗೆ ಹೋಗಿ ಕೂತೆ. ಮಣೆ ಕಿರುಗುಟ್ಟಿತು. ಟಿಣ್ ಎಂದು ಸದ್ದಾಯಿತು. ಆಮೇಲೆ ಸೊಲ್ಲು. ನನ್ನ ಮೈಯೊಳಗೆ ಏನೋ ಗಕ್ಕನೆ ಬಿಗಿದುಕೊಂಡಿತು.

“ಬಂತಾ ಅಕ್ಕಾ?”

“ಇಲ್ಲ. ಕೈಲೇನದು?”

“ನಿಮ್ ಬಳೆ ಅಕ್ಕಾ. ಡಬ್ಬದಲ್ಲಿ ಬಿದ್ದೋಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಫಳಫಳ ಅಂತಿದೆ. ನಿಮಗೆ ಖುಷಿಯಾಗ್ಲಿ ಅಂತ ಹಾಕ್ಕೊಂಡೆ,” ಅಂದಳು. ಮತ್ತೆ ಸೊಲ್ಲು ಹೇಳಿದಳು. ಮತ್ತೆ ಟಿಣ್.

ಬರಲಿಲ್ಲ. ಗಂಟೆ ಮೂರಾಯಿತು, ನಾಲ್ಕಾಯಿತು. ಎದ್ದು ಓಡಾಡಿದೆ, ಬೆನ್ನಿಗೆ ಬಿಸಿನೀರು ಹುಯ್ದುಕೊಂಡೆ, ಮತ್ತೆ ಕೂತೆ. ತುಂಬಿದ ನೋವು ಹೊಟ್ಟೆಯಿಂದ ತೊಡೆಗೆ ಇಳಿಯಿತು. ತಮ್ಮ ಎರಡು ದಿನ ಇದನ್ನು ತಡೆದುಕೊಂಡಿದ್ದ, ನನಗೆ ಎರಡೇ ತಾಸಿಗೆ ಕಣ್ಣು ಕತ್ತಲೆಯಾಗುತ್ತಿತ್ತು. ಹೊರಗೆ ದೇವೀರಿಯ ದನಿ ಒಡೆಯತೊಡಗಿತು. ಅಳು ಬಂದು ಸೊಲ್ಲು ನಿಲ್ಲುತ್ತಿತ್ತು, ಮತ್ತೆ ಹೇಳುತ್ತಿದ್ದಳು. “ನನ್ನ ನಾಲಿಗೇಲೇ ದೋಷ ಇದೆ ಅಕ್ಕಾ. ಅವ್ರನ್ನ ತಿಂದ್ಕೊಂಡೆ. ಈಗ ನಿಮ್ಮನ್ನೂ ತಿಂತೀನಿ,” ಎಂದು ಮಣೆಗೆ ತಲೆ ಚಚ್ಚಿಕೊಂಡಳು. ಆ ಏಟಿನ ಸದ್ದಿನ ಜೊತೆಗೆ ಬಳೆಯ ಸದ್ದು.

“ಬಳೆ ತೆಗಿ ದೇವೀರಿ,” ಅಂದೆ.

“ಯಾಕಕ್ಕಾ?”

ಮುಚ್ಚಿದ ಬಾಗಿಲಿಗೆ ಹೇಳಿದೆ. ಅಮ್ಮ ಹೇಳಿದ್ದು, ಬಾಯಲ್ಲಿ ನೀರು ತುಂಬಿಕೊಂಡು ನಾನು ಕೈ ಎತ್ತಿದ್ದು, ಗೋಡೆಯ ಈಚೆ ಎರಡು ತಿಂಗಳು ಕುಲುಕಿದ್ದು, ಎಲ್ಲ. ನಿನ್ನ ನಾಲಿಗೆಯಲ್ಲಿ ಏನೂ ದೋಷವಿಲ್ಲ, ಯಾವತ್ತೂ ಇರಲಿಲ್ಲ ಅಂದೆ. ಬಳೆಯನ್ನು ಮಣೆಯ ಮೇಲೆ ಇಟ್ಟ ಸದ್ದಾಯಿತು.

“ನಾವು ದೋಣಿ ಹತ್ತುವಾಗ ನಿಮ್ ಕೈಲಿತ್ತಲ್ವಾ?”

“ಇತ್ತು.”

ಅವಳು ಮೂರು ಗಿಡ್ಡ, ಒಂದು ಉದ್ದ ಹೇಳಿದಳು, ತಮ್ಮನ ಆ ತುಂಡನ್ನೂ ಸೇರಿಸಿ. ನನಗೆ ಬಂತು. ನಿಲ್ಲದ ಹಾಗೆ ಬಂತು. “ಬಂತಾ ಅಕ್ಕಾ?” ಎಂದು ಅವಳು ಕೇಳಲಿಲ್ಲ.

ಆಮೇಲೆ ಅವಳ ಸರದಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮಣೆಯ ಮೇಲೆ ಕೂತು ಅವಳ ಸೊಲ್ಲು ಹೇಳಿದೆ, ತಮ್ಮ ಕಲಿಸಿದ ಹಾಗೆಯೇ, ಚೂರೂ ತಪ್ಪದೆ. ಏನೂ ಬೀಳಲಿಲ್ಲ. ಇನ್ನೊಮ್ಮೆ ಹೇಳಿದೆ. ಹತ್ತು ಸಲ, ಇಪ್ಪತ್ತು ಸಲ ಹೇಳಿದೆ. ಬಾಯಿ ಒಣಗಿತು. “ದೇವೀರಿ, ಸ್ವಲ್ಪ ಮನಸ್ಸು ಮಾಡಮ್ಮಾ,” ಎಂದು ಬೇಡಿಕೊಂಡೆ. “ಮಾಡ್ತಾ ಇದ್ದೀನಿ. ಅದು ಕೇಳ್ತಿಲ್ಲ,” ಅಂದಳು. ದನಿಯಲ್ಲಿ ಕೋಪವೂ ಇರಲಿಲ್ಲ. ಆ ಮಾತು ನಿಜ ಎಂದು ನನಗೆ ಗೊತ್ತಿತ್ತು. ಬಾಗಿಲು ತೆರೆದು ಹೊರಗೆ ಬಂದವಳು ನನ್ನನ್ನು ದಾಟಿಕೊಂಡು ನೇರ ಜೀವರತ್ನಯ್ಯನವರ ಮನೆಗೆ ಹೋದಳು.

ನಳಿಕೆ ಹಾಕಿಸಿಕೊಳ್ಳುವುದಕ್ಕೆ ಈಗ ದಿನಕ್ಕೆ ಮೂರು ಸಲ ಹೋಗುತ್ತಾಳೆ. ಅವಳ ತಾಯಿಯನ್ನು ಕರೆಸಿ ನೋಡಿದೆವು. ಒಮ್ಮೆ ಒಪ್ಪಿಸಿದ ಬಾಯಿ, ಅದರಿಂದ ಏನೂ ಆಗಲಿಲ್ಲ. ಮೈ ಕೇಳುವ ಬಾಯಿ ಮಾತ್ರ ಒಪ್ಪಿಸಬಲ್ಲದು. ನಾನು ಹೇಳಿದಾಗ ಒಂದೇ ಒಂದು ಸಲ ಅವಳ ಮೈ ಸೋತು ಬಿಟ್ಟುಕೊಟ್ಟರೆ ಸಾಕು, ಇನ್ನೊಬ್ಬರಿಗೆ ಒಪ್ಪಿಸಬಹುದು. ಅದಕ್ಕಾಗಿ ದಿನಾ ಬಚ್ಚಲ ಬಾಗಿಲ ಹೊರಗೆ ಕೂತು ಹೇಳುತ್ತೇನೆ. ಅವಳೂ ಬಂದು ಒಳಗೆ ಕೂರುತ್ತಾಳೆ, ಹಟ ಮಾಡುವುದಿಲ್ಲ. ಅವಳ ಮೈ ಮಾತ್ರ ನನ್ನನ್ನು ಒಳಗೆ ಬಿಡುವುದಿಲ್ಲ. ಬೀದಿಗೆ ನಾನೇ ಎಲ್ಲ ಹೇಳಿದ್ದೇನೆ. ಆ ಹೆಂಗಸರು ಈಗ ನನ್ನ ಬಗ್ಗೆ ಆಡಿಕೊಳ್ಳುತ್ತಾರೆ, ಅದರಿಂದ ದೇವೀರಿಗೆ ಒಂದು ಹನಿಯೂ ಬಂದಿಲ್ಲ.

ನನಗೆ ಸೊಲ್ಲು ಹೇಳುವುದನ್ನು ಅವಳು ಒಂದು ಹೊತ್ತೂ ತಪ್ಪಿಸಿಲ್ಲ. “ಯಾಕಮ್ಮಾ ಬರ್ತೀಯ, ಬಿಟ್ಬಿಡು ನನ್ನ,” ಎಂದು ಒಮ್ಮೆ ಅಂದೆ. “ಅವ್ರು ಒಪ್ಪಿಸಿದ್ದು. ನಿಮ್ಮದಲ್ಲ,” ಅಂದಳು. ಅದಾದ ಮೇಲೆ ನಮ್ಮ ನಡುವೆ ಮಾತಿಲ್ಲ.

ಮೊನ್ನೆಯಿಂದ ಅವಳಿಗೆ ಚಳಿ. ನಿನ್ನೆ ಐದು ಗಂಟೆಗೆ ಕಂಬಳಿ ಹೊದ್ದುಕೊಂಡೇ ಬಂದು ಮಣೆಯ ಮೇಲೆ ಕೂತಳು. ಹಲ್ಲು ಕಟಕಟ ಅನ್ನುವುದು ಒಳಗೆ ಕೂತ ನನಗೆ ಕೇಳಿಸುತ್ತಿತ್ತು. ಬೇಡ, ಬರಬೇಡ, ಮುಚ್ಚಿಕೊಂಡೇ ಇರು ಎಂದು ನನ್ನ ಮೈಗೆ ಹೇಳಿಕೊಂಡೆ, ಎರಡೂ ಕೈಯಲ್ಲಿ ಗೋಡೆ ಹಿಡಿದು ಬಿಗಿಯಾಗಿ ಕೂತೆ. ನಡುಕದಲ್ಲಿ ಸೊಲ್ಲು ಚೂರುಚೂರಾಗುತ್ತಿತ್ತು. ಅವಳು ನಿಲ್ಲಿಸಿದಳು, ಹಲ್ಲು ಕಚ್ಚಿ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಮೂರು ಗಿಡ್ಡ, ಒಂದು ಉದ್ದ, ಉದ್ದದ್ದರಲ್ಲಿ ತಮ್ಮನ ಆ ತುಂಡು.

ನನಗೆ ಬಂತು.